ಲಕ್ಷನೆಯ ಹಾಡು

ತಾಯಲೂರು
೧೩-೫-೨೦೦೮, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಭಾವ ಚೆನ್ನಾಗಿದ್ದಾರಾ? ಮಗು ಶ್ರೀಪ್ರಿಯಾಗೆ ನಿನ್ನ ಹಾಗೇ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದಂತೆ. ಎಲ್ಲಾ ಬಳೆಗಾರ್ತಿ ವೆಂಕಟರತ್ನಮ್ಮ ಹೇಳುತ್ತಾಳೆ. ಅವಳು ನಿಮ್ಮ ರಾಯಲ್ಪಾಡಿಗೆ ಹೋಗಿಬಂದಾಗಲೆಲ್ಲ ಅಮ್ಮ ಅವಳನ್ನು ಕೂರಿಸಿ, ಮಗು ಏನು ತಿಂತು, ಏನು ಉಟ್ಟಿತ್ತು, ಅಲಿವೇಲು ಸಣ್ಣಗಾಗಿದ್ದಾಳಾ ಎಂದು ಒಂದೊಂದೇ ಕೇಳುತ್ತಾಳೆ. ಈ ಕಾಗದವೂ ಅವಳ ಬಳೆಪೆಟ್ಟಿಗೆಯ ತಳದಲ್ಲೇ ಬರುತ್ತಿದೆ. ಟಪಾಲಿಗೆ ಹಾಕಿದರೆ ಮೊದಲು ನಿನ್ನ ಮಾವ ರಾಮಚಂದ್ರಪ್ಪನವರ ಕೈಗೆ ಸಿಗುತ್ತದೆ ಎಂಬ ಭಯ. ನನ್ನ ಕೈಬರಹ ನೋಡಿ ಹರಿದು ಹಾಕಬೇಡ. ಏಳು ವರ್ಷದಲ್ಲಿ ಇದೊಂದೇ ಸಲ ಕೇಳುತ್ತಿದ್ದೇನೆ, ಕೊನೆಯವರೆಗೂ ಓದು.

ಅಮ್ಮನಿಗೆ ಸಂಕ್ರಾಂತಿಯಿಂದಲೇ ಗಂಟಲು ಒಡೆದಿತ್ತು. ನೆಗಡಿ ಎಂದುಕೊಂಡು ಮೆಣಸಿನ ಕಷಾಯ ಕುಡಿಯುತ್ತಾ ಕೂತಳು. ಯುಗಾದಿಯ ಹೊತ್ತಿಗೆ ಉಗುಳಿನಲ್ಲಿ ರಕ್ತ ಬಂತು. ಕೋಲಾರದ ಆಸ್ಪತ್ರೆಯಲ್ಲಿ ಕೊಳವೆ ಬಿಟ್ಟು ನೋಡಿ, ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಬರುವ ವಾರ, ಇಪ್ಪತ್ತೊಂದನೇ ತಾರೀಖು ಬುಧವಾರ ಆಪರೇಷನ್. ಜೀವ ಉಳಿಯುತ್ತದಂತೆ, ಮಾತು ಉಳಿಯುವುದಿಲ್ಲವಂತೆ. ಅಮ್ಮ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: "ಸೋಬಾನೆ ಹೇಳಕ್ಕಾಗಲ್ವಾ ಸಾಮಿ?" ಅವರು ನಕ್ಕು, "ಯಾರ ಮದುವೆ ಇದೆ ಅಜ್ಜಿ?" ಎಂದರು. ಐವತ್ತು ದಾಟದವಳಿಗೆ ಅಜ್ಜಿಯಂತೆ! ನಾನು ಜಗಳಕ್ಕೆ ಬಾಯಿ ತೆರೆದೆ, ಅಮ್ಮ ನನ್ನ ಕೈ ಅದುಮಿದಳು.

ನೀನು ಹೋದ ಮೇಲೆ ಅಮ್ಮ ಒಂದು ಸಲವೂ ಸೋಬಾನೆ ಹೇಳಿಲ್ಲ, ನಿನಗೆ ಗೊತ್ತಾ? ನಮ್ಮ ಮನೆಯ ಕಟ್ಟು ನೆನಪಿರಬೇಕಲ್ಲ, ಒಂಟಿ ಗಂಟಲಲ್ಲಿ ಸೋಬಾನೆ ಹೇಳಬಾರದು. ಒಬ್ಬಳು ಸೊಲ್ಲು ಬಿಡಬೇಕು, ಇನ್ನೊಬ್ಬಳು ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವವಳಿಲ್ಲದೆ ಹಾಡಿದರೆ ಹಸೆಯ ಮೇಲೆ ಕೂತ ಹುಡುಗಿ ಬಾಳಿನಲ್ಲಿ ಒಂಟಿಯಾಗುತ್ತಾಳಂತೆ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ, ಮೂಢನಂಬಿಕೆಯ ವಿರುದ್ಧದ ಕಿರುಪುಸ್ತಕಗಳನ್ನು ಸಂತೆಯಲ್ಲಿ ನಿಂತು ಹಂಚಿದವಳು ನಾನು. ಆದರೆ ಯಾರೇ ಮದುವೆಗೆ ಕರೆದರೂ ಅಮ್ಮ ಎಲೆಅಡಿಕೆ ತಟ್ಟೆಯ ಮುಂದೆ ಸುಮ್ಮನೆ ಕೂತು ಎದ್ದು ಬರುವುದನ್ನು ಏಳು ವರ್ಷ ನೋಡಿದ್ದೇನೆ. ಒಮ್ಮೆ ತಡೆಯಲಾರದೆ, ನಾನೇ ಎತ್ತಿಕೊಳ್ಳುತ್ತೇನೆ ಬಿಡು ಎಂದೆ. "ನಿಂದು ಭಾಷಣದ ಗಂಟ್ಲು ಕಣೇ ಶೋಭಾ, ಹಾಡಿಗೆ ಬ್ಯಾಡ" ಎಂದುಬಿಟ್ಟಳು. ಅವಳಿಗೆ ನಿನ್ನ ಗಂಟಲೇ ಬೇಕು.

ಈಗ ಹೇಳುವುದನ್ನು ತಾಳ್ಮೆಯಿಂದ ಓದು. ನಾನೀಗ ಮುಳಬಾಗಿಲು ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಅರ್ಜಿಗಳನ್ನು ಟೈಪು ಮಾಡುತ್ತೇನೆ. ಹೋದ ತಿಂಗಳು ಅಂಗಡಿಗೆ ಬರುವ ಪೇಪರಿನಲ್ಲಿ ಕಾಲು ಪುಟದ ಒಂದು ಜಾಹೀರಾತು ಇತ್ತು. ಬೆಂಗಳೂರಿನ ಯಾವುದೋ ಕಂಪನಿ ಇಂಟರ್‌ನೆಟ್ಟಿನಲ್ಲಿ ಕನ್ನಡ ಹಾಡು ಮಾರುತ್ತದೆ. ದುಡ್ಡು ಕಟ್ಟಿ ಕಂಪ್ಯೂಟರಿಗೋ ಮೊಬೈಲಿಗೋ ಇಳಿಸಿಕೊಳ್ಳಬೇಕು. ಒಂದು ಲಕ್ಷ ಹಾಡು ಮಾರಿದ ಸಂಭ್ರಮಕ್ಕೆ, ಆ ಲಕ್ಷನೆಯ ಹಾಡನ್ನು ಇಳಿಸಿಕೊಂಡ ಅದೃಷ್ಟಶಾಲಿಗೆ ಲ್ಯಾಪ್‌ಟಾಪು ಮತ್ತು ಜೀವಮಾನವಿಡೀ ಉಚಿತ ಹಾಡು ಕೊಡುತ್ತಾರಂತೆ. ಜನರಿಗೆ ಅದೃಷ್ಟದ ಆಸೆ ತೋರಿಸಿಯೇ ಇವರೆಲ್ಲ ಬೆಳೆಯುವುದು ಎಂದು ಬೈದುಕೊಂಡು ಪುಟ ತಿರುಗಿಸುವವಳಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಲಕ್ಷನೆಯ ಹಾಡು, ತಾಯಲೂರು ಸೋಬಾನೆ. ಹಾಡಿದವರು, ಗ್ರಾಮೀಣ ಮಹಿಳೆಯರು.

ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿದೆ. ಪುಕ್ಕಟೆಯಾಗಿ ಅರ್ಧ ನಿಮಿಷ ಕೇಳಿಸುತ್ತಾರೆ. ಅಕ್ಕಾ, ಅದು ಅಮ್ಮನ ಗಂಟಲು. ತೊಂಬತ್ತಾರರ ಬೇಸಿಗೆಯಲ್ಲಿ ಕ್ಯಾಸೆಟ್ ಕಂಪನಿಯವನೊಬ್ಬ ಬಂದು ಸ್ಕೂಲಿನ ಕೋಣೆಯ ಕಿಟಕಿಗೆಲ್ಲ ಕಂಬಳಿ ಹೊದಿಸಿ ಹಾಡಿಸಿಕೊಂಡನಲ್ಲ, ಅದೇ ಹಾಡು. ಆಗ ನಿನಗೆ ಹದಿನಾಲ್ಕು, ನನಗೆ ಹನ್ನೊಂದು. ನಾನು ಕೆಮ್ಮುತ್ತೇನೆಂದು ನನ್ನನ್ನು ಹೊರಗೆ ಕೂರಿಸಿದ್ದರು. ಸೆಕೆಗೋ ಹೆದರಿಕೆಗೋ ನೀನು ಒಂದು ಸೊಲ್ಲು ಎತ್ತಿಕೊಳ್ಳುವುದನ್ನು ಮರೆತೆ. ಆಗ ಅಮ್ಮ ನಡುವೆಯೇ, ಮನೆಯಲ್ಲಿ ಹೇಳುವ ಹಾಗೆ ತೆಲುಗಿನಲ್ಲಿ, "ಎತ್ತುಕೋವೇ ಅಲಿವೇಲೂ" ಅಂದಳು. ಆ ಪುಣ್ಯಾತ್ಮ ಅದನ್ನು ಕತ್ತರಿಸಿಲ್ಲ. ಹಾಗೇ ಇದೆ. ಹಿಂದೆಯೇ ನಿನ್ನ ನಗು, ಆಮೇಲೆ ನಿನ್ನ ಸೊಲ್ಲು. ಅಂಗಡಿಯಲ್ಲಿ ಪಹಣಿ ಜೆರಾಕ್ಸಿಗೆ ಬಂದವರೆಲ್ಲ ನೋಡುತ್ತಿದ್ದರೂ ನಾನು ಅತ್ತೆ.

ಅಳು ಮುಗಿದ ಮೇಲೆ ಸಿಟ್ಟು ಬಂತು. ಅವತ್ತು ಅಮ್ಮನಿಗೆ ಸಿಕ್ಕಿದ್ದು ಒಂದು ಸೀರೆ, ನಿನಗೆ ಒಂದು ಲಂಗದ ಬಟ್ಟೆ. ಹೆಸರು ಕೂಡ ಹಾಕದೆ ಮಾರುತ್ತಾರಲ್ಲ ಎಂದು ಮಾರನೆಯ ದಿನವೇ ಬೆಂಗಳೂರು ಬಸ್ ಹತ್ತಿ ಅವರ ಆಫೀಸಿಗೆ ಹೋದೆ. ಶ್ರಮ, ಶೋಷಣೆ, ದುಡಿದವರ ಹಕ್ಕು ಎಂದು ಓದಿದ್ದನ್ನೆಲ್ಲ ಅಲ್ಲೇ ಕೂಗಿದೆ. ಅವರು ಹಳೆಯ ಫೈಲಿನಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಹಾಡಿನ ಸಕಲ ಹಕ್ಕನ್ನೂ ಸ್ವಸಂತೋಷದಿಂದ ಬಿಟ್ಟುಕೊಟ್ಟಿರುವುದಾಗಿ ಟೈಪು ಮಾಡಿತ್ತು, ಕೆಳಗೆ ಅಮ್ಮನ ಹೆಬ್ಬೆಟ್ಟು. ಸೀರೆ ಮುಟ್ಟಿದ್ದಕ್ಕೆ ರಸೀತಿ ಎಂದು ಹೇಳಿ ಒತ್ತಿಸಿಕೊಂಡದ್ದು ಅದೇ. ನಾನು ಮೇಜು ಗುದ್ದಿದೆ. ಓದು ಬಾರದ ಹೆಂಗಸಿಗೆ ಸುಳ್ಳು ಹೇಳಿ ಬೆರಳು ಹಿಡಿದು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ, ಕಳ್ಳತನ, ಹಾಗೆ ಮಾಡಿದವರು ಮನುಷ್ಯರಲ್ಲ ಎಂದೆ. ಹೇಳುತ್ತಾ ಹೇಳುತ್ತಾ ಕೂತುಬಿಟ್ಟೆ. ಗೆದ್ದೆವು ಎಂದುಕೊಂಡೋ ಏನೋ ಅವರು ನೀರು ತರಿಸಿಕೊಟ್ಟರು. ಯಾಕೆ ಕೂತೆ ಎಂಬುದನ್ನು ಹೇಳುತ್ತೇನೆ, ಸ್ವಲ್ಪ ಧೈರ್ಯ ಬರಲಿ.

ಅಲ್ಲಿ ಸುಮಧ್ವ ಎಂದು ಒಬ್ಬರು ಕೆಲಸಕ್ಕಿದ್ದಾರೆ, ಸಂಭಾವಿತರು. ಹೊರಗೆ ಬಿಡಲು ಬಂದವರು ಮೆಲ್ಲಗೆ ಹೇಳಿದರು: ಬಹುಮಾನ ಗೆದ್ದವರೇ ಸಿಗುತ್ತಿಲ್ಲ ಮೇಡಂ, ಫೋನು ಮಾಡಿದರೆ ಒಬ್ಬ ಹೆಣ್ಣುಮಗಳು ಎತ್ತಿ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಾರೆ. ಇನ್ನೂ ಒಂದು ವಿಚಿತ್ರ, ಈ ಹಾಡು ಇದುವರೆಗೆ ಮಾರಾಟವಾಗಿರುವುದು ಹನ್ನೊಂದೇ ಸಲ, ಅದರಲ್ಲಿ ಒಂಬತ್ತು ಸಲ ಅದೇ ಮೊಬೈಲಿಗೆ. ಒಮ್ಮೆ ಇಳಿಸಿಕೊಂಡರೆ ಸಾಕು, ಎಷ್ಟು ಸಲ ಬೇಕಾದರೂ ಕೇಳಬಹುದು ಎಂದು ಪಾಪ ಅವರಿಗೆ ಗೊತ್ತಿಲ್ಲವೇನೋ. ನಿಮ್ಮ ಕಡೆಯವರೇ, ರಾಯಲ್ಪಾಡು, ನರೇಶ್ ಎಂಬ ಹೆಸರಿನಲ್ಲಿದೆ, ಗೊತ್ತಾ ಎಂದರು.

ನನಗೆ ಗೊತ್ತು ಅಕ್ಕಾ. ಅವರು ಅಂದುಕೊಂಡ ಹಾಗೆ ನಿನಗೆ ತಿಳಿಯದೆ ಆದದ್ದಲ್ಲ. ಭಾವನ ಮೊಬೈಲು, ಮನೆಯಲ್ಲಿ ಯಾರೂ ಇಲ್ಲದಾಗ ಇಳಿಸಿಕೊಳ್ಳುತ್ತೀಯ, ಕೇಳುತ್ತೀಯ, ಮಾವ ಬರುವಷ್ಟರಲ್ಲಿ ಅಳಿಸಿಬಿಡುತ್ತೀಯ. ಮತ್ತೆ ಅಮ್ಮ ಬೇಕು ಅನ್ನಿಸಿದಾಗ ಮತ್ತೆ ದುಡ್ಡು. ಒಂಬತ್ತು ಸಲ! "ಹೆತ್ತವಳೇ ನನ್ನ ತಾಳಿಗೆ ಬೆರಳೊತ್ತಿದಳು, ಇನ್ನು ಈ ಹೊಸ್ತಿಲು ತುಳಿಯಲ್ಲ" ಎಂದು ಅಂದು ಹೋದವಳು ನೀನು. ವರದಕ್ಷಿಣೆಯ ಮೇಲೆ ಅಮ್ಮನ ಹೆಬ್ಬೆಟ್ಟಿನೊಂದಿಗೆ ಠಾಣೆಗೆ ಹೋದ ಆ ಅರ್ಜಿಯಿಂದ, ನಿನ್ನ ಮದುವೆಯಾದ ಎಂಟನೇ ದಿನ ನಿನ್ನ ಮಾವ ಬೆಳಗಿನಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಬೇಕಾಯಿತು. ಆ ಅವಮಾನಕ್ಕೆ ನಿನ್ನನ್ನು ಅವರು ಏನೇನು ಅಂದರೋ, ನಾನು ಊಹಿಸಬಲ್ಲೆ. ಆದರೂ ಒಂಬತ್ತು ಸಲ ನೀನು ಅಮ್ಮ ನಿನ್ನ ಹೆಸರು ಕರೆಯುವುದನ್ನು ಕೇಳಿದ್ದೀಯ. ಆ ಲೆಕ್ಕ ಹಿಡಿದುಕೊಂಡೇ ಈ ಕಾಗದ ಬರೆಯುವ ಧೈರ್ಯ ಮಾಡಿದ್ದೇನೆ.

ಹೆದರಬೇಡ, ಗೆದ್ದವರ ಹೆಸರಾಗಲಿ ಊರಾಗಲಿ ಪೇಪರಿಗೆ ಹಾಕಬಾರದೆಂದು ಅಲ್ಲೇ ಬರೆಸಿಕೊಂಡು ಬಂದಿದ್ದೇನೆ. ಭಾನುವಾರ ಅವರ ಸಮಾರಂಭ, ಅಮ್ಮನನ್ನೂ ವೇದಿಕೆ ಹತ್ತಿಸಿ ಶಾಲು ಹೊದಿಸುತ್ತಾರಂತೆ, ಅದಕ್ಕೊಂದು ಒಪ್ಪಿಗೆ ಪತ್ರ ಕೊಟ್ಟರು. ಮನೆಗೆ ತಂದು ಒಂದು ಸಾಲೂ ಬಿಡದೆ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಶನಿವಾರ ಓಟು ಹಾಕಿದ ಮಸಿ ಬೆರಳಿನ ಮೇಲೆ ಇನ್ನೂ ಕಪ್ಪಗಿದೆ, ಅದನ್ನೇ ತಿಕ್ಕುತ್ತಾ, "ಅವಳು ಬಂದು ಪಕ್ಕದಾಗೆ ಕೂತ್ರೆ ಒತ್ತೀನಿ, ಇಲ್ದಿದ್ರೆ ಬ್ಯಾಡ" ಎಂದಳು. ಕಾಗದ ಗೂಡಿನಲ್ಲಿದೆ. ಆ ವೇದಿಕೆಯೂ ಬೇಡ, ಲ್ಯಾಪ್‌ಟಾಪು ಯಾರಿಗಾದರೂ ಹೋಗಲಿ. ಬುಧವಾರದೊಳಗೆ ನೀನು ಬಾ. ಅಮ್ಮನಿಗೆ ಈಗ ಗಂಟಲಿನಲ್ಲಿ ಉಳಿದಿರುವುದು ಪಿಸುಮಾತಷ್ಟೇ. ಹಗಲು ಹೊತ್ತು ಒಬ್ಬಳೇ ಕೂತು ಸೊಲ್ಲು ಬಿಟ್ಟು ನೋಡುತ್ತಾಳೆ, ಎತ್ತಿಕೊಳ್ಳುವ ಜಾಗಕ್ಕೆ ಬಂದಾಗ ನಿಲ್ಲಿಸುತ್ತಾಳೆ. ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳುವುದು ನನ್ನಿಂದ ಆಗುತ್ತಿಲ್ಲ ಅಕ್ಕಾ. ಜಗತ್ತನ್ನು ತಿದ್ದುವ ಪುಸ್ತಕ ಇಷ್ಟೊಂದು ಓದಿದ್ದೇನೆ, ಆ ನಿಲ್ಲುವ ಜಾಗಕ್ಕೆ ಏನು ಮಾಡಬೇಕೆಂದು ಒಂದರಲ್ಲೂ ಬರೆದಿಲ್ಲ.

ಭಾವನಿಗೆ ನನ್ನ ನಮಸ್ಕಾರ. ನಿನ್ನ ಅತ್ತೆ ಮಾವನವರಿಗೂ, ಅವರು ಒಪ್ಪಿಕೊಂಡರೆ. ಮಗುವಿಗೆ ಅಮ್ಮನ ಪರವಾಗಿ ಒಂದು ಮುತ್ತು. ಚಿಕ್ಕಮ್ಮನ ಮುತ್ತು ಬೇಡವೆಂದರೆ ಬೇಡ.

ಇಂತಿ ನಿನ್ನ ತಂಗಿ,
ಶೋಭಾರಾಣಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ವೆಂಕಟರತ್ನಮ್ಮ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾಳೆ, ಈಗ ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ. ಆ ದೂರಿನ ಅರ್ಜಿ ಬರೆದವಳು ನಾನು. ಆಗ ನನಗೆ ಹದಿನಾರು, ವರದಕ್ಷಿಣೆಯ ಮೇಲಿನ ಒಂದು ಕರಪತ್ರ ಓದಿ ನಿನ್ನನ್ನು ಉಳಿಸುತ್ತೇನೆ ಎಂದುಕೊಂಡಿದ್ದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ದೊಡ್ಡವರ ಸಹಿ ಬೇಕಿತ್ತು, ಅಪ್ಪ ಇರಲಿಲ್ಲ. ರೇಷನ್ ಕಾರ್ಡಿನ ಅರ್ಜಿ ಎಂದು ಸುಳ್ಳು ಹೇಳಿ, ಅಮ್ಮನ ಬೆರಳು ಹಿಡಿದು ನಾನೇ ಒತ್ತಿಸಿದೆ. ಆ ಆಫೀಸಿನಲ್ಲಿ ನಾನು ಕೂತುಬಿಟ್ಟದ್ದು ಅದಕ್ಕೇ. ಠಾಣೆಯಲ್ಲಿ ಅರ್ಜಿ ಓದಿದಾಗ ಅಮ್ಮ ನನ್ನ ಮುಖ ಒಮ್ಮೆ ನೋಡಿ, "ನಾನೇ ಸಾಮಿ ಒತ್ತಿದ್ದು" ಎಂದಳು. ನೀನು ಹೊಸ್ತಿಲಲ್ಲಿ ನಿಂತು ಶಪಿಸಿದಾಗಲೂ ನನ್ನ ಹೆಸರು ಹೇಳಲಿಲ್ಲ, ಈ ಏಳು ವರ್ಷವೂ ಹೇಳಲಿಲ್ಲ. ಬುಧವಾರದ ನಂತರ ಹೇಳಬೇಕೆಂದರೂ ಅವಳಿಗೆ ಆಗುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ. ನನ್ನ ಮುಖ ನೋಡಬೇಡ, ನೀನು ಬರುವ ದಿನ ನಾನು ಮನೆಯಲ್ಲಿ ಇರುವುದಿಲ್ಲ. ಅವಳು ಸೊಲ್ಲು ಬಿಟ್ಟು ಕೂತಿದ್ದಾಳೆ. ಬಂದು ಎತ್ತಿಕೋ.