ನೆಲದ ಮೇಲಿನ ಬಾಣಗಳು

ಗೆಳತಿ,

ನಿನ್ನ ಈಗಿನ ವಿಳಾಸ ಗೊತ್ತಿಲ್ಲ, ಆದರೂ ಹೇಳಬೇಕು. ಇವತ್ತು ನಮ್ಮ ಡಿಸೈನ್ ತರಗತಿಗೆ ಹೆಸರಾಂತ ವಿನ್ಯಾಸಕಿಯೊಬ್ಬರು ಬಂದಿದ್ದರು. ನಾವಿಬ್ಬರೂ ಮಾಡಿದ್ದ ಆಸ್ಪತ್ರೆಯ ದಾರಿಸೂಚಿ ಫಲಕಗಳ ನಕ್ಷೆಯ ಮುಂದೆ ನಿಂತರು. ಅದರ ಮೇಲೆ ನನ್ನ ಹೆಸರೊಂದೇ ಇತ್ತು.

“ಬಾಣದ ಗುರುತೆಲ್ಲ ನೆಲದ ಮೇಲೆ ಯಾಕಮ್ಮಾ?”

“ಆಸ್ಪತ್ರೇಲಿ ಜನ ತಲೆ ತಗ್ಗಿಸ್ಕೊಂಡೇ ನಡೀತಾರೆ, ಮೇಡಂ.”

“ಭೇಷ್! ಎಲ್ಲಿ ನೋಡ್ದೆ?”

ನೋಡಿದವಳು ನೀನು, ನಿನ್ನಮ್ಮ ವಾರ್ಡಿನಲ್ಲಿದ್ದಾಗ. ನಾನು ಅಲ್ಲಿಗೆ ಒಮ್ಮೆಯೂ ಬರಲಿಲ್ಲ.

“ನಾನಲ್ಲ ಮೇಡಂ, ನನ್ನ ಗೆಳತಿ ನೋಡಿದ್ದು.”

“ಹಾಗಾದ್ರೆ ಅವಳ ಹೆಸರು ಬರಿ. ಕೆಲಸ ಕೊಡೋರು ಮೊದಲು ಕೇಳೋದೇ ‘ಯಾಕೆ’ ಅಂತ. ಬೇರೆಯವರು ನೋಡಿದ್ದಕ್ಕೆ ಎಷ್ಟು ದಿನ ಉತ್ತರ ಹೇಳ್ತೀಯ? ಸೋಮವಾರ ನೀನೇ ನೋಡಿ ಮಾಡಿದ್ದೊಂದು ತಗೊಂಡ್ಬಾ.”

ನಿನ್ನ ಹೆಸರನ್ನು ಮೇಲೆ ಬರೆದೆ, ನನ್ನದನ್ನು ಕೆಳಗೆ. ನಾಳೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಜನ ದಾರಿ ತಿಳಿಯದೆ ಎಲ್ಲಿ ತಡವರಿಸುತ್ತಾರೆಂದು ನಾನೇ ನೋಡುತ್ತೇನೆ. ಸಂಜೆಯವರೆಗೂ ಏಳುವುದಿಲ್ಲ.