ಕುರ್ಚಿಗಳ ದಾರಿ

ಭಾನುವಾರ, ಮಧ್ಯಾಹ್ನ

ಮುಖ ಊದಿಸಿಕೊಂಡು ಕೂತಿರುವ ನನ್ನ ಗುಬ್ಬಿಗೆ, ಅಕ್ಕನ ಪ್ರೀತಿ.

ಮೊದಲು ಕೆಟ್ಟ ಸುದ್ದಿ ಹೇಳಿ ಮುಗಿಸುತ್ತೇನೆ. ನೀನು ಕೇಳಿದ ಪುಟ್ಟ ಕುರ್ಚಿಯನ್ನು ನಾನು ಕಳಿಸುತ್ತಿಲ್ಲ. 'ಅಜ್ಜನ ಮನೆಯನ್ನಂತೂ ಮಾರಿಸಿದೆ, ನನ್ನ ಕುರ್ಚಿಯನ್ನಾದರೂ ಕಳಿಸು, ಆಮೇಲೆ ನಿನ್ನ ತಂಟೆಗೇ ಬರುವುದಿಲ್ಲ' ಎಂದು ಬರೆದಿದ್ದೆಯಲ್ಲ, ಆ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೂ ಕುರ್ಚಿಯನ್ನು ಹಳೇ ಚಾದರದಲ್ಲಿ ಸುತ್ತಿ, ಹಗ್ಗ ಬಿಗಿದು, ನಿನ್ನ ವಿಳಾಸ ಬರೆದು ಇಟ್ಟಿದ್ದೆ. ಈಗ ಆ ಹಗ್ಗ ಬಿಚ್ಚಿಯಾಗಿದೆ. ಯಾಕೆಂದು ತಿಳಿಯಬೇಕಾದರೆ ಪೂರ್ತಿ ಓದು. ಅರ್ಧಕ್ಕೇ ಹರಿದು ಹಾಕುವ ನಿನ್ನ ಅಭ್ಯಾಸವನ್ನು ಇವತ್ತೊಂದು ದಿನ ಬದಿಗಿಡು.

ಅಜ್ಜ ಆ ಮನೆ ಬಿಟ್ಟು ನನ್ನಲ್ಲಿಗೆ ಬಂದದ್ದು ಗುರುವಾರ. ಬೆಳಿಗ್ಗೆ ಅವರನ್ನು ಕರೆತರಲು ಹೋದಾಗ ಮುಂದಿನ ಕೋಣೆಯಲ್ಲಿ ಅದೇ ನೆನೆದ ಬೆತ್ತದ ವಾಸನೆ. ಅಮ್ಮ ಹೋದ ಮೇಲೆ ಅಜ್ಜ ನಮ್ಮಿಬ್ಬರನ್ನೂ ಸಾಕಿದ್ದು ಆ ವಾಸನೆಯಲ್ಲೇ ಅಲ್ಲವೇ? ಊರಿನವರ ಹರಿದ ಕುರ್ಚಿಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ದೊಡ್ಡ ದೊಡ್ಡವರ ಭಾರವನ್ನೆಲ್ಲ ತಾನೇ ಹೊರುತ್ತಿರುವುದು ಎಂದು ಅಜ್ಜ ಬೆತ್ತ ಹೆಣೆಯುತ್ತಾ ನಗುತ್ತಿದ್ದರು. ನಾವು ನೀರಿನ ತೊಟ್ಟಿಯಿಂದ ಬೆತ್ತದ ಸೀಳು ಎಳೆದು ಕೊಡುತ್ತಿದ್ದೆವು. ನೀನು ಕೊಡುವುದಕ್ಕಿಂತ ನನ್ನ ಬೆನ್ನಿಗೆ ಬಾರಿಸಿದ್ದೇ ಹೆಚ್ಚು.

ಮನೆಯ ಕಾನೂನು ನೆನಪಿದೆಯೇ? ಎದ್ದವರು ಕುರ್ಚಿಯನ್ನು ಅದರ ಜಾಗಕ್ಕೇ ಸರಿಸಬೇಕು. ಹಜಾರದಲ್ಲಿ ಗೋಡೆಗುಂಟ ಎತ್ತರದವು, ಅಡುಗೆಮನೆಯ ಬಾಗಿಲಲ್ಲಿ ಕೈಯಿಲ್ಲದ್ದು, ಬಚ್ಚಲಿಗೆ ತಿರುಗುವ ಮೂಲೆಯಲ್ಲಿ ನಿನ್ನ ಪುಟ್ಟದ್ದು. ಹೋದ ಸಲ ಬಂದಾಗ ನೀನು ಅದನ್ನು ಕಿಟಕಿಯ ಬಳಿಗೆ ಒಯ್ದು ಕೂತೆ, ವಾಪಸ್ಸು ಇಡಲಿಲ್ಲ. ಅಜ್ಜ ನಿನ್ನ ಗಂಡನ ಎದುರಿಗೇ ಬೈದರು. ಒಂದು ಕುರ್ಚಿಗೆ ಇಷ್ಟು ರಂಪವೇ ಎಂದು ನೀನು ಅತ್ತು, ಮರುದಿನವೇ ಬಸ್ಸು ಹತ್ತಿದೆ. ಅವತ್ತು ಅಜ್ಜನ ಹಣೆಯ ಮೇಲೊಂದು ಗಾಯವಿತ್ತು. ಬಾಗಿಲು ತಗುಲಿತು ಅಂದಿದ್ದರು. ನಾವಿಬ್ಬರೂ ನಂಬಿದೆವು.

ಗುರುವಾರದ ಬುದ್ಧಿವಂತಿಕೆ ಪೂರ್ತಿ ನನ್ನದು. ಸಾಮಾನೆಲ್ಲ ಮೊದಲು ಲಾರಿಗೆ ಹೋಗಲಿ, ಆಮೇಲೆ ಅಜ್ಜ ಖಾಲಿ ಮನೆಯಲ್ಲಿ ಒಬ್ಬರೇ ನಿಧಾನವಾಗಿ ಓಡಾಡಿ, ಒಂದೊಂದು ಕೋಣೆಗೂ ಹೋಗಿಬರುತ್ತೇನೆ ಎಂದು ಹೇಳಿ ಬರಲಿ ಎಂದುಕೊಂಡೆ. ಅಷ್ಟೆಲ್ಲ ಯಾಕೆ, ಈಗಲೇ ಹೊರಡೋಣ ಎಂದು ಅವರು ಎರಡು ಸಲ ಅಂದರು. ನಾನು ಕೇಳಲಿಲ್ಲ. ಅವರು ಕೂತಿದ್ದ ಕೊನೆಯ ಕುರ್ಚಿಯನ್ನೂ ಹಮಾಲಿಗಳು ಎತ್ತಿಕೊಂಡು ಹೋದರು. ನಾನು ಅಜ್ಜನನ್ನು ಹಜಾರದ ನಡುವೆ ಬಿಟ್ಟು, ನನ್ನ ಸೂಕ್ಷ್ಮ ಮನಸ್ಸನ್ನು ನಾನೇ ಮೆಚ್ಚಿಕೊಳ್ಳುತ್ತಾ ಹೊರಗೆ ನಿಂತೆ.

ಒಳಗೆ ಹೆಜ್ಜೆಯ ಸದ್ದೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಅಜ್ಜನ ದನಿ, ತೀರಾ ಸಣ್ಣಗೆ: "ಮಗಾ, ಬಾಗಿಲು ಯಾವ ಕಡೆ?"

ತಮಾಷೆ ಇರಬೇಕೆಂದು ನಗುತ್ತಲೇ ಒಳಗೆ ಹೋದೆ. ಅಜ್ಜ ಎರಡೂ ಕೈ ಮುಂದೆ ಚಾಚಿಕೊಂಡು ಗೋಡೆಗೆ ಮುಖಮಾಡಿ ನಿಂತಿದ್ದರು.

ಅವರಿಗೆ ಕಣ್ಣು ಕಾಣುವುದಿಲ್ಲ, ಗುಬ್ಬೀ. ನಿನ್ನ ಮದುವೆಯ ವರ್ಷ ಮಬ್ಬಾಗತೊಡಗಿದ್ದು, ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಇಲ್ಲವಂತೆ. ನಮಗೆ ಹೇಳದೆ ಒಬ್ಬರೇ ಹೋಗಿ ತೋರಿಸಿಕೊಂಡಿದ್ದರಂತೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ವೈದ್ಯರು ಆಗಲೇ ಹೇಳಿದ್ದರಂತೆ. ಮಂಡಿ ನೋವೆಂದು ಹೊರಗೆ ಹೋಗುವುದನ್ನು ಬಿಟ್ಟರು. ನನ್ನ ಬಾಯಲ್ಲಿ ಕೇಳಿದರೆ ಸುದ್ದಿ ಚೆನ್ನಾಗಿರುತ್ತದೆ ಎಂದು ಪೇಪರ್ ಓದಿಸಿಕೊಂಡರು. ನಾನು ಹಿಗ್ಗಿ ಓದಿದೆ. ಕೆಲಸವಂತೂ ಅವರ ಬೆರಳಿಗೇ ಗೊತ್ತಿತ್ತು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣು ನೋಡುವ ನಿನ್ನ ಅಕ್ಕನಿಗೆ ಮನೆಯವರ ಕಣ್ಣು ತಿಳಿಯಲಿಲ್ಲ. ನಗಬೇಕೆನಿಸಿದರೆ ನಕ್ಕುಬಿಡು, ನನಗಂತೂ ಇನ್ನೂ ಆಗುತ್ತಿಲ್ಲ.

ಕೈ ಹಿಡಿದುಕೊಳ್ಳಲು ಹೋದೆ. ಅವರು ಹಿಂದಕ್ಕೆ ಎಳೆದುಕೊಂಡರು. "ಈ ಮನೆಯಿಂದ ನನ್ನ ಕೈಹಿಡಿದು ಕರ್ಕೊಂಡು ಹೋಗ್ಬೇಡ ಮಗಾ. ಇಲ್ಲಿ ನಾನೇ ಓಡಾಡ್ಕೊಂಡಿದ್ದೆ" ಅಂದರು.

ನಾನು ಬೀದಿಗೆ ಓಡಿದೆ. ಲಾರಿಯವನು ಹಗ್ಗ ಬಿಗಿಯುತ್ತಿದ್ದ. ಕುರ್ಚಿಗಳನ್ನೆಲ್ಲ ಒಳಗೆ ತನ್ನಿ ಎಂದದ್ದಕ್ಕೆ, ಇದೇನು ಮಕ್ಕಳಾಟವೇ ಎಂದು ರೇಗಿದ. ಆಮೇಲೆ ತೆರೆದ ಬಾಗಿಲಿನಿಂದ ಅಜ್ಜನನ್ನು ನೋಡಿ ತಾನೇ ಹಗ್ಗ ಬಿಚ್ಚಿದ. ನೆಲದ ಮೇಲೆ ಕುರ್ಚಿಯ ಕಾಲುಗಳು ಅಷ್ಟು ವರ್ಷ ಊರಿದ್ದ ಗುರುತುಗಳಿದ್ದವು. ಅವುಗಳ ಮೇಲೇ ಒಂದೊಂದನ್ನೂ ಇಟ್ಟೆವು. ಮೂಲೆಯ ಗುರುತೊಂದು ಖಾಲಿ ಉಳಿಯಿತು. ನಿನಗೆಂದು ಕಟ್ಟಿ ಲಾರಿಗೆ ಹಾಕಿದ್ದ ಗಂಟನ್ನು ಇಳಿಸಿ ತಂದು ಅಲ್ಲೇ ನೆಲದ ಮೇಲೆ ಕೂತು ಬಿಚ್ಚಿದೆ.

ಅಜ್ಜನಿಗೆ ಮೊದಲ ಕುರ್ಚಿಯ ಬೆನ್ನು ಸಿಕ್ಕಿತು. ಅಷ್ಟೇ, ಮತ್ತೆ ನಮ್ಮ ಹಳೇ ಅಜ್ಜ. ಬೆನ್ನು ನೆಟ್ಟಗೆ, ಹೆಜ್ಜೆ ಸಲೀಸು. ಅಡುಗೆಮನೆಯಲ್ಲಿ ನಿಂತು, ನೀನು ಹಾಲು ಉಕ್ಕಿಸಿದ ದಿನಗಳನ್ನು ನೆನೆದು ನಕ್ಕರು. ಮೂಲೆಯಲ್ಲಿ ಬಾಗಿ ಪುಟ್ಟ ಕುರ್ಚಿಯನ್ನು ಮುಟ್ಟಿ, ತಿರುಗಿ, ಎಲ್ಲ ಕೋಣೆಗಳನ್ನೂ ಸುತ್ತಿ ಬಂದರು. ಮರಳಿ ಬರುವಾಗ ಅವರು ದಾಟಿದ ಕುರ್ಚಿಯನ್ನು ಹಿಂದಿನಿಂದ ಹಮಾಲಿಗಳು ಸದ್ದಿಲ್ಲದೆ ಎತ್ತುತ್ತಿದ್ದರು. ಅಂಥ ದಾಂಡಿಗರು ತುದಿಗಾಲಲ್ಲಿ ನಡೆದದ್ದನ್ನು ನೀನು ನೋಡಬೇಕಿತ್ತು. ಹೊಸ್ತಿಲ ಬಳಿಯ ಕುರ್ಚಿಯನ್ನು ಅಜ್ಜ ಗೋಡೆಗೆ ನೇರ ಮಾಡಿ, ತಾವೇ ಹೊರಗೆ ಕಾಲಿಟ್ಟು, ಇನ್ನು ನಡಿ ಎಂದರು.

ಮನೆ ಮಾರಿಸಿದ್ದು ನಾನಲ್ಲ. ಕೊಳ್ಳುವವರನ್ನು ಅಜ್ಜನೇ ಕರೆಸಿದ್ದರು, ಮಾಡು ಸೋರುತ್ತದೆ ಎಂದು ನನಗೆ ನೆಪ ಹೇಳಿದ್ದರು. ಸಾಮಾನು ಕಟ್ಟುವಾಗ ಒಲೆಯ ಹಿಂದೆ ಅರ್ಧ ಸುಟ್ಟ ಟವೆಲ್ ಸಿಕ್ಕಿತ್ತು. ಕಾಣದೆ ಅದಕ್ಕೆ ಬೆಂಕಿ ತಗುಲಿದ ಮೇಲೆಯೇ ಮಾರುವ ಮನಸ್ಸು ಮಾಡಿದಿರಾ ಎಂದು ಲಾರಿಯಲ್ಲಿ ಕೇಳಿದೆ. ಹೌದೆಂದು ತಲೆಯಾಡಿಸಿದರು. ಆದರೆ ನಿಜಕ್ಕೂ ತಾನು ಆ ಮನೆಯನ್ನು ಬಿಟ್ಟು ಎಷ್ಟೋ ವರ್ಷವಾಯಿತು ಅಂದರು. ನಿನ್ನ ಮದುವೆಯ ಹಿಂದಿನ ವಾರ ಕುರ್ಚಿಗೆ ಅಳತೆ ಎಂದು ನಮ್ಮಿಬ್ಬರನ್ನೂ ಬೆಳಕಿಗೆ ಕೂರಿಸಿ ಸುಮ್ಮನೆ ದಿಟ್ಟಿಸುತ್ತಿದ್ದರಲ್ಲ? ನೀನು ನಾಲಿಗೆ ಚಾಚಿ ಅಣಕಿಸಿದ್ದೆ. ಗೋಡೆ, ತೊಲೆ, ಕಿಟಕಿ, ನಾವು, ಎಲ್ಲವನ್ನೂ ಅವರು ನೋಡಿ ಮುಗಿಸಿದ್ದು ಆಗಲೇ.

ಈಗ ನನ್ನ ಮನೆಯಲ್ಲೂ ಕುರ್ಚಿಗಳನ್ನು ಅದೇ ಸಾಲಿನಲ್ಲಿ ಇಟ್ಟಿದ್ದೇನೆ. ಜಾಗ ಸಾಲದೆ ನನ್ನ ಮೊಣಕಾಲೆಲ್ಲ ನೀಲಿಗಟ್ಟಿದೆ. ಅಜ್ಜ ಮಾತ್ರ ರಾಜನ ಹಾಗೆ ಓಡಾಡುತ್ತಾರೆ. ಬಚ್ಚಲಿಗೆ ತಿರುಗುವ ಮೂಲೆಯಲ್ಲಿ ನಿನ್ನದಿದೆ. ಅದಕ್ಕೇ ಕಳಿಸಲಾರೆ.

ಇದನ್ನು ನಿನಗೆ ತಿಳಿಸಬಾರದೆಂದು ಅವರ ಕಟ್ಟಪ್ಪಣೆ. ಬರೆದದ್ದನ್ನು ಅವರು ಓದಲಾರರು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನೀನು ಬೈದರೂ ನಿನ್ನವಳೇ ಆದ,
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಜ್ಜ ಒಳಗಿನಿಂದ ಬಂದು ನಿಂತರು. ಪೆನ್ನಿನ ಸದ್ದು ಇಷ್ಟು ಹೊತ್ತು ಕೇಳಿದರೆ ತನಗೆ ಗೊತ್ತಾಗುವುದಿಲ್ಲವೇ ಎಂದು ನನ್ನ ಕಿವಿ ಹಿಂಡಿದರು. ನಿನಗೆ ಹೇಳಬೇಕಂತೆ, ಅವರ ಮಾತನ್ನೇ ಬರೆಯುತ್ತೇನೆ: "ಕುರ್ಚಿ ಅವಳದ್ದೇ, ಬಂದು ತಗೊಂಡು ಹೋಗ್ಲಿ. ಆದ್ರೆ ಹೋಗೋ ಮುಂಚೆ ಸ್ವಲ್ಪ ದಿನ ಆ ಮೂಲೇಲಿ ಅವಳೇ ನಿಂತಿರ್ಲಿ. ಕೈಗೆ ಸಿಕ್ಕಿದ್ರೆ ಸಾಕು, ನಾನು ತಿರುಗ್ಕೋತೀನಿ."