ಹುಬ್ಬಿನ ಮೇಲಿನ ಗಾಯ

ಅಪ್ಪಾ,

ನಮ್ಮನ್ನು ಬಿಟ್ಟು ಬಂದು ನೀನು ಬದುಕಿ ಸತ್ತ ಫ್ಲಾಟನ್ನು ನಾನೇ ಬಾಡಿಗೆಗೆ ಹಿಡಿದಿದ್ದೇನೆ. ಹೊಸ ಕಟ್ಟಡ, ಕೆಳಗೆ ಚಿತ್ರಗಳ ಗ್ಯಾಲರಿ, ಎದುರಿಗೆ ನಾಟಕದವರು, ಲಿಫ್ಟಿನ ತುಂಬ ಹತ್ತು ಭಾಷೆ. ನಾನು ನಿನ್ನ ಮಗಳೆಂದು ಯಾರಿಗೂ ಹೇಳಿಲ್ಲ.

"ಹಿಂದೆ ಇದ್ದ ಕಲಾವಿದರು ಗೋಡೆ ಮೇಲೇ ಬರೆದುಬಿಟ್ಟಿದ್ದಾರೆ. ಯಾರೋ ಹುಡುಗಿ. ಇರ್ಲಾ, ಅಳಿಸ್ಲಾ?" ಎಂದ ಬ್ರೋಕರ್.

ಎರಡು ಜಡೆಯ ಪುಟ್ಟ ನಾನು. ಜೋಕಾಲಿಯಿಂದ ಬಿದ್ದಾಗಿನ ಹುಬ್ಬಿನ ಗಾಯದ ಗುರುತನ್ನೂ ನೀನು ಬರೆದಿದ್ದೆ, ಆದರೆ ಇನ್ನೊಂದು ಕಡೆಗೆ. ದಿನಾ ಕನ್ನಡಿಯಲ್ಲಿ ನೋಡುವ ಮುಖ, ನನಗೆ ತಿಳಿಯದೇ? ಮಗಳ ಮುಖವೇ ನೆನಪಿಲ್ಲದವನು ಎಂಥ ಕಲಾವಿದ ಎಂದುಕೊಂಡೆ.

"ಬಿಳಿ ಬಣ್ಣ ಹೊಡೆಸಿ," ಎಂದೆ.

ಇವತ್ತು ಪೇಂಟರ್ ಹೊಡೆದು ಮುಗಿಸುವ ಹೊತ್ತಿಗೆ, ಬ್ರೋಕರ್ ಕರಾರು ಪತ್ರಕ್ಕೆಂದು ಮೊಬೈಲಿನಲ್ಲಿ ನನ್ನ ಫೋಟೋ ತೆಗೆದು ತೋರಿಸಿದ. ಅದರಲ್ಲಿ ಗಾಯ ನೀನು ಬರೆದ ಕಡೆಗೇ ಇತ್ತು. ಎಡಬಲ ಅದಲುಬದಲು ಮಾಡುವುದು ಕನ್ನಡಿ. ನೀನು ನನ್ನನ್ನು ಎದುರಿಗೆ ಕೂರಿಸಿಕೊಂಡು ನೋಡಿದವನು.

ಹಸಿ ಬಣ್ಣದಡಿ ಜಡೆಗಳು ಇನ್ನೂ ಕಾಣುತ್ತಿದ್ದವು.

"ಈಗ ಒರೆಸಿದ್ರೆ ಚಿತ್ರ ಉಳಿಯುತ್ತೆ ಮೇಡಂ. ಇಲ್ಲಾಂದ್ರೆ ಇನ್ನೊಂದು ಕೋಟ್ ಹೊಡೀಲಾ?" ಎಂದು ಕೇಳಿದ ಪೇಂಟರ್.

ಇಷ್ಟು ಸರಿಯಾಗಿ ನೆನಪಿಟ್ಟುಕೊಂಡೂ ನಮ್ಮನ್ನು ಬಿಟ್ಟವನು ನೀನು. "ಹೊಡೀರಿ," ಎಂದೆ.